ಡಬ್ಬಿಯೋ ಕಡ್ಡಿಯೋ

"ನನಗೊಂದು ಡಬ್ಬಿ ಬೇಕಾಗೇತಿ ನೋಡಪಾ" ಎಂದು ಬ್ಯಾಡಗಿಯ ಗೆಳೆಯನಿಗೆ ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. "ಎಷ್ಟ ಕ್ವಿಂಟಲ್?" ಎಂದ. ಅವನದು ದಲಾಲಿ ಅಂಗಡಿ. ಅಂದು ಗುರುವಾರ, ಪೇಟೆಯ ದಿನ. ಅವನ ದನಿಯ ಹಿಂದೆ ಹಮಾಲರ ಕೂಗು, ಹಿಂದಕ್ಕೆ ಸರಿಯುವ ಲಾರಿಯ ಪೀಂ ಪೀಂ, ನಡುನಡುವೆ ಯಾರದೋ ಸೀನು. "ಕ್ವಿಂಟಲ್ ಅಲ್ಲೋ, ಒಂದ ಸಾಕು" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ನಿವೃತ್ತಿಯಾದ ಮೇಲೆ ಮಾಸ್ತರನ ತಲೆ ಕೆಟ್ಟಿತು ಎಂದುಕೊಂಡಿರಬೇಕು. ಆಮೇಲೆ ಮೆಲ್ಲಗೆ, "ಒಂದ ಕಾಯಿ ತಗೊಂಡು ಏನ್ ಮಾಡ್ತೀ, ದೃಷ್ಟಿ ತಗೀತೀಯೇನು?" ಎಂದು ಕೇಳಿದ.

ಬ್ಯಾಡಗಿಯಲ್ಲಿ ಡಬ್ಬಿ ಎಂದರೆ ತಗಡಿನದಲ್ಲ, ಮೆಣಸಿನಕಾಯಿ. ಗಿಡ್ಡ, ದುಂಡ, ಹೊಟ್ಟೆತುಂಬ ಬೀಜ. ಬಣ್ಣಕ್ಕೂ ಕಂಪಿಗೂ ಹೆಸರಾದದ್ದು. ಕಡ್ಡಿ ಅದರ ದಾಯಾದಿ: ಉದ್ದ, ತೆಳುವು, ಮೈಯೆಲ್ಲ ನೆರಿಗೆ, ಬೀಜ ಕಡಿಮೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು ಸಿಕ್ಕಿತಲ್ಲ, ಆ ಗೌರವ ಎರಡಕ್ಕೂ ಸೇರಿದ್ದು. ಖಾರಕ್ಕಿಂತ ಬಣ್ಣ ಮುಖ್ಯ ಇವಕ್ಕೆ. ಇವುಗಳಿಂದ ಹಿಂಡಿ ತೆಗೆದ ಕೆಂಪು ಎಲ್ಲೆಲ್ಲೋ ದೇಶ ಸುತ್ತಿ ಹೆಂಗಸರ ತುಟಿಯವರೆಗೆ ಹೋಗುತ್ತದೆ. ನಾನು ಕೇಳಿದ್ದು ಮಾತ್ರ ಬೇರೆ ಡಬ್ಬಿ. ಗೋಡೆಯ ಗೂಡಿನಲ್ಲಿ ಕೂರುವಂಥ, ಹಗಲಿರುಳು ಎದ್ದಿರುವಂಥ ಒಂದು ಪುಟ್ಟ ಕಂಪ್ಯೂಟರು. ಗೆಳೆಯನ ಅಂಗಡಿಯ ಮೂಲೆಯಲ್ಲಿ ಹಳೆಯದೊಂದು ಬಿದ್ದಿದೆ ಎಂದು ಕೇಳಿದ್ದೆ. ಅದನ್ನು ಹಾವೇರಿಯ ನಮ್ಮ ಮನೆಯಲ್ಲಿಟ್ಟು, ಲಿನಕ್ಸ್ ಹಾಕಿ, ವೆಬ್ ಸರ್ವರ್ ಮಾಡುವುದು ನನ್ನ ವಿಚಾರ. ಪೆನ್ ಡ್ರೈವಿಗೆ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಕಡ್ಡಿ ಎಂದೇ ಹೆಸರಾದ್ದರಿಂದ, ಡಬ್ಬಿ ಕಡ್ಡಿ ಎರಡೂ ಆ ತಿಂಗಳಿಡೀ ನನ್ನ ಬಾಯಲ್ಲಿ ಬೇರೆ ಅರ್ಥದಲ್ಲೇ ಓಡಾಡಿದವು.

ಇಷ್ಟೆಲ್ಲ ಯಾಕೆಂದರೆ ನಮ್ಮಪ್ಪನ ಪುಸ್ತಕಗಳು. ಅಪ್ಪ ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಅಂಗಡಿಯ ಲೆಕ್ಕ ಅಂಗಡಿಯ ಕೀರ್ದಿಯಲ್ಲಿ. ಮನೆಗೆ ಬಂದು ರಾತ್ರಿ ತನ್ನದೇ ಒಂದು ನೋಟ್‌ಬುಕ್ಕಿನಲ್ಲಿ ಆ ದಿನದ ಡಬ್ಬಿ ಎಷ್ಟಕ್ಕೆ ಹೋಯಿತು, ಕಡ್ಡಿ ಎಷ್ಟಕ್ಕೆ, ಎಷ್ಟು ಚೀಲ ಬಂದವು, ಮಳೆ ಬಂದು ಯಾರ ಕಾಯಿ ತೋಯ್ದವು ಎಂದು ಬರೆದಿಡುತ್ತಿದ್ದ. ವರ್ಷಕ್ಕೊಂದರಂತೆ 28 ಪುಸ್ತಕ. ಟ್ರಂಕಿನಲ್ಲಿ ಕೊಳೆಯುವ ಬದಲು ಇವನ್ನು ಬೆರಳಚ್ಚು ಮಾಡಿ ಎಲ್ಲರೂ ಓದುವಂತೆ ಇಡೋಣ ಎನಿಸಿತು. ಗಣಿತದ ಮಾಸ್ತರನಾದ್ದರಿಂದ ಮೊದಲು ಲೆಕ್ಕ ಹಾಕಿದೆ. ಒಂದು ಪುಸ್ತಕಕ್ಕೆ 200 ಪುಟ, ಪುಟಕ್ಕೆ ಸುಮಾರು 300 ಅಕ್ಷರ ಚಿಹ್ನೆಗಳು. 28 ಪುಸ್ತಕಕ್ಕೆ 16 ಲಕ್ಷ 80 ಸಾವಿರ. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಎಲ್ಲ ಕೂಡಿ 50 ಲಕ್ಷ ಬೈಟ್, ಅಂದರೆ ಐದು ಎಂಬಿ. ಫೋನಿನಲ್ಲಿ ತೆಗೆದ ಒಂದು ಫೋಟೋದಷ್ಟು. ಅಪ್ಪನ 28 ವರ್ಷ ಒಂದು ಫೋಟೋದಲ್ಲಿ ಮುಗಿದುಹೋಯಿತಲ್ಲ ಎಂದು ಲೆಕ್ಕವನ್ನು ಮತ್ತೊಮ್ಮೆ ಮಾಡಿದೆ. ಉತ್ತರ ಅಷ್ಟೇ ಬಂತು.

"ಇಷ್ಟಕ್ಕ ಸರ್ವರ್ ಯಾಕ ಮಾಮಾ? ಎಲ್ಲಾರೆ ಪುಕ್ಕಟೆ ಜಾಗದಾಗ ಹಾಕಿದ್ರ ಆತು" ಎಂದ ತಂಗಿಯ ಮಗ. ಅವನು ಬೆಂಗಳೂರಿನಲ್ಲಿ ಇದೇ ಉದ್ಯೋಗದವನು, ತಿಳಿದವನು. ಆದರೆ ಪುಕ್ಕಟೆ ಜಾಗದ ಕತೆ ನನಗೂ ಗೊತ್ತಿತ್ತು. ಒಂದು ಕಾಲಕ್ಕೆ ಜಗತ್ತೆಲ್ಲ ಜಿಯೋಸಿಟೀಸ್‌ನಲ್ಲಿ ಮನೆ ಮಾಡಿಕೊಂಡಿತ್ತು; 2009ರಲ್ಲಿ ಅದು ಬಾಗಿಲು ಹಾಕಿತು. ಬಾಡಿಗೆಯಿಲ್ಲದ ಮನೆಯವರಿಗೆ ಖಾಲಿ ಮಾಡು ಎಂದರೆ ಜಗಳಾಡುವ ಹಕ್ಕೂ ಇರುವುದಿಲ್ಲ. ಇದು ನಾನು ಅವನಿಗೆ ಕೊಟ್ಟ ಕಾರಣ. ನಿಜವಾದ ಕಾರಣ ಇಷ್ಟೆ: ಅಪ್ಪನ ಪುಸ್ತಕ ನಮ್ಮ ಮನೆಯಿಂದಲೇ ಹೊರಗೆ ಹೋಗಲಿ, ಓದಬೇಕೆಂದವರು ನಮ್ಮ ಕಟ್ಟೆಯವರೆಗೆ ಬರಲಿ ಎಂಬ ಹಟ. ಹಟಕ್ಕೆ ತಾಂತ್ರಿಕ ಕಾರಣ ಹುಡುಕುವುದು ಬಹಳ ಸುಲಭ. ಕಂಪ್ಯೂಟರ್ ಕೊಳ್ಳುವವರೆಲ್ಲ ಮಾಡುವುದು ಅದನ್ನೇ.

ಗೆಳೆಯನ ಅಂಗಡಿಯ ಡಬ್ಬಿ ಡಬ್ಬಿಯೇ ಆಗಿರಲಿಲ್ಲ, ಅದು ಕಪಾಟು. ಹೋಗಿ ನೋಡಿದರೆ ಮೊಣಕಾಲೆತ್ತರದ ಹಳೆಯ ಟವರು. ಹಂಗಾಮಿನ ದಿನಗಳು; ಬ್ಯಾಡಗಿಯ ಗಾಳಿಯೇ ಆಗ ಕೆಂಪಗಿರುತ್ತದೆ. ರೈಲಿನಿಂದ ಇಳಿದು ಪೇಟೆಯ ಕಡೆ ತಿರುಗಿದ ಕೂಡಲೇ ಮೂಗಿಗೆ ತಾನು ಎಲ್ಲಿದ್ದೇನೆ ಎಂದು ತಿಳಿಯುತ್ತದೆ. "ಇದರ ಹೊಟ್ಟಿ ಒಮ್ಮೆ ಸ್ವಚ್ಛ ಮಾಡೂಣು" ಎಂದು ಗೆಳೆಯನ ಹುಡುಗ ಮಗ್ಗುಲ ತಗಡು ಬಿಚ್ಚಿ, ಗಾಳಿ ಊದುವ ಬ್ಲೋಯರ್ ತಂದು ಫ್ಯಾನಿಗೆ ನೇರ ಹಿಡಿದ. ನಾಲ್ಕಾರು ವರ್ಷಗಳ ಮೆಣಸಿನ ಧೂಳು ಒಂದೇ ಏಟಿಗೆ ಹೊರಗೆ ಬಂತು. ಮೊದಲು ಹುಡುಗ ಸೀನಿದ. ಆಮೇಲೆ ಗೆಳೆಯ, ನಾನು, ಚೀಲ ಹೊಲಿಯುತ್ತಿದ್ದ ಇಬ್ಬರು ಹೆಂಗಸರು, ಕಾಯಿ ಮುರಿದು ಮೂಸಿ ನೋಡುತ್ತಿದ್ದ ಖರೀದಿದಾರರೊಬ್ಬರು. ಹುಟ್ಟಿದಾರಭ್ಯ ಈ ಘಾಟಿನಲ್ಲೇ ಬೆಳೆದವರು ಸೀನುವುದನ್ನು ನೋಡಿ ಹಮಾಲರು ನಗಲು ಬಾಯಿ ತೆರೆದರು, ತೆರೆದ ಬಾಯಿಯಲ್ಲೇ ಅವರೂ ಸೀನಿದರು. ಕಣ್ಣೊರೆಸಿಕೊಂಡು ಒಳಗೆ ನೋಡಿದರೆ ಫ್ಯಾನಿನ ರೆಕ್ಕೆಗೆ ಕೆಂಪು ಗಂಧ ಹಚ್ಚಿದಂತಿತ್ತು; ಅದರಡಿಯ ತಾಮ್ರದ ಸಂದುಗಳೆಲ್ಲ ಮುಚ್ಚಿಹೋಗಿದ್ದವು. ಬಿಸಿಲಿಗಿಂತ ಧೂಳು ಕಂಪ್ಯೂಟರನ್ನು ಬೇಗ ಕೊಲ್ಲುತ್ತದೆ. ಫ್ಯಾನು ಗಾಳಿಯನ್ನು ಎಳೆದುಕೊಳ್ಳುತ್ತದೆ, ಗಾಳಿಯೊಂದಿಗೆ ಊರನ್ನೂ ಎಳೆದುಕೊಳ್ಳುತ್ತದೆ. ನನ್ನ ಮೊದಲ ನಿಯಮ ಅಲ್ಲೇ ಆಯಿತು: ನನ್ನ ಡಬ್ಬಿಗೆ ಫ್ಯಾನು ಇರಕೂಡದು.

ಎರಡನೆಯ ನಿಯಮ ಕೊಟ್ಟಿದ್ದು ಸರಕಾರ. ಗೃಹಜ್ಯೋತಿಯ ಲೆಕ್ಕ ಎಲ್ಲರಿಗೂ ಗೊತ್ತು: 2022-23ರ ತಿಂಗಳ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ, ಅಷ್ಟರೊಳಗಿದ್ದರೆ ಬಿಲ್ಲು ಸೊನ್ನೆ. ನಮ್ಮ ಮನೆಯ ಸರಾಸರಿ 72 ಯೂನಿಟ್. ಅಂದರೆ ನನ್ನ ಹುಚ್ಚಿಗೆ ಸಿಕ್ಕ ಜಾಗ 7 ಯೂನಿಟ್ ಚಿಲ್ಲರೆ. ಗೆಳೆಯನ ಟವರು ಸುಮ್ಮನೆ ಕುಳಿತರೂ 60 ವ್ಯಾಟ್ ತಿನ್ನುತ್ತದೆ ಎಂದರೆ ದಿನಕ್ಕೆ 24 ಗಂಟೆ, ತಿಂಗಳಿಗೆ 30 ದಿನ, 43 ಯೂನಿಟ್. ಐದು ವ್ಯಾಟಿನದಾದರೆ 3.6. ತರಗತಿಯಲ್ಲಿ 30 ವರ್ಷ ಇಂಥ ಲೆಕ್ಕ ಬಿಡಿಸಿದ್ದೇನೆ. ಉತ್ತರ ನನ್ನ ಮನೆಗೇ ಬಂದದ್ದು ಇದೇ ಮೊದಲು.

ಕಡಿಮೆ ವ್ಯಾಟು ಎಂದ ಕೂಡಲೇ ಎಲ್ಲರೂ ರಾಸ್ಪ್‌ಬೆರಿ ಪೈ ಎನ್ನುತ್ತಾರೆ. 2012ರ ಫೆಬ್ರುವರಿ 29ರಂದು, ನಾಲ್ಕು ವರ್ಷಕ್ಕೊಮ್ಮೆ ಹುಟ್ಟುಹಬ್ಬ ಬರುವ ದಿನ ನೋಡಿಯೇ ಮಾರುಕಟ್ಟೆಗೆ ಬಂದ ಬೋರ್ಡು. ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲಿ ಎಂದು ಇಂಗ್ಲೆಂಡಿನಲ್ಲಿ ರೂಪಿಸಿದ್ದು. ಅದರ ಹೆಸರಿನಲ್ಲಿ ಆಮೇಲೆ ಎಷ್ಟೋ ಬಳಗ ಹುಟ್ಟಿತು. ಅಳಿಯನ ಹತ್ತಿರ ಅಂಥದೇ ಅಂಗೈಯಗಲದ ಯಾವುದೋ ಬೋರ್ಡಿತ್ತು, ಪ್ರಯೋಗಕ್ಕೆ ಕೊಟ್ಟ. ಇಂಥವುಗಳಲ್ಲಿ ಸಾಮಾನ್ಯವಾಗಿ ಹಾರ್ಡ್ ಡಿಸ್ಕ್ ಇರುವುದಿಲ್ಲ; ಉಗುರಿನಷ್ಟು ಮೆಮೊರಿ ಕಾರ್ಡಿನ ಮೇಲೆ ಇಡೀ ಸಂಸಾರ. ಸರ್ವರ್ ಎಂದರೆ ಪ್ರತಿ ಘಳಿಗೆಯೂ ಏನಾದರೂ ಬರೆದುಕೊಳ್ಳುತ್ತಲೇ ಇರುವ ಪ್ರಾಣಿ, ಅಪ್ಪನ ಹಾಗೆ. ಬರೆಯುವ ಹೊತ್ತಿಗೆ ಕರೆಂಟು ಹೋದರೆ ಕಾರ್ಡಿನ ನೆನಪು ಅಲ್ಲಿಗೆ ಹರಿಯುತ್ತದೆ. ಕರೆಂಟು ಹೋಗಲಿಲ್ಲ. ಅವ್ವ ಚಟ್ನಿಗೆ ಮಿಕ್ಸರ್ ಹಚ್ಚಬೇಕಾಗಿತ್ತು. ಇದ್ದ ಒಂದು ಪ್ಲಗ್ಗಿನಲ್ಲಿ ಯಾವುದೋ ಕರಿ ವಯರು ಸುಮ್ಮನೆ ಕುಳಿತಿತ್ತು, ಕಿತ್ತಳು. 12 ದಿನಗಳ ಬೆರಳಚ್ಚು ಚಟ್ನಿಯಲ್ಲಿ ಹೋಯಿತು. "ಅದೇನ್ ಮಾಡಾಕತ್ತಿತ್ತು?" ಎಂದು ಕೇಳಿದಳು. ಏನು ಮಾಡುತ್ತಿತ್ತು ಎಂದು ಹೇಳಲು ನನ್ನ ಹತ್ತಿರವೂ ಸರಿಯಾದ ಉತ್ತರವಿರಲಿಲ್ಲ. ಯಾರೂ ಓದದ ಪುಸ್ತಕವನ್ನು ಯಾರಾದರೂ ಕೇಳಿಯಾರು ಎಂದು ಹಿಡಿದು ಕುಳಿತಿತ್ತು.

ಹೀಗೆ ಮೂರನೆಯ ನಿಯಮ: ಒಳಗೆ ಸರಿಯಾದ ಎಸ್‌ಎಸ್‌ಡಿ ಇರಬೇಕು. ಕಂಪನಿಗಳು ಚಿಕ್ಕ ಕಂಪ್ಯೂಟರಿಗೆ ಇಟ್ಟ ಹೆಸರು ನೋಡಿದರೆ ನಗು ಬರುತ್ತದೆ. ಲೆನೊವೊದವರದು ಟೈನಿ, ಎಚ್‌ಪಿಯವರದು ಮಿನಿ, ಡೆಲ್‌ನವರದು ಮೈಕ್ರೊ. ಮೂರೂ ಒಂದೇ ಗಾತ್ರ, ಮೂರಕ್ಕೂ ಫ್ಯಾನು. ಕೊನೆಗೆ ಅಳಿಯ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸುತ್ತಿ ಹಳೆಯದೊಂದು ಡೆಲ್ ವೈಸ್ 5070 ತಂದ. ಯಾವುದೋ ಕಚೇರಿಯಲ್ಲಿ ದುಡಿದು ನಿವೃತ್ತಿಯಾದದ್ದು, ನನ್ನಂತೆ. ಫ್ಯಾನಿಲ್ಲ, ಇಂಟೆಲ್‌ನ ಸೆಲೆರಾನ್, ಒಳಗೆ ಎಂ.2 ಡಿಸ್ಕಿಗೆ ಜಾಗ, 4 ಜಿಬಿ ಮೆಮೊರಿ. ಇಂಥವಕ್ಕೆ ಥಿನ್ ಕ್ಲೈಂಟ್ ಎನ್ನುತ್ತಾರಂತೆ, ಅಂದರೆ ಬಡಕಲು ಗಿರಾಕಿ. ದೊಡ್ಡ ಸರ್ವರಿನ ಮುಂದೆ ಕೈಚಾಚಿ ನಿಲ್ಲಲು ಹುಟ್ಟಿದ್ದನ್ನು ತಂದು ನಾನು ಗಲ್ಲೆಯ ಮೇಲೆ ಕೂರಿಸಿದೆ. ನಮ್ಮದು ಹಳೆಯ ಮಣ್ಣಿನ ಗೋಡೆಯ ಮನೆ. ಪಡಸಾಲೆಯಲ್ಲಿ ದೀಪದ ಮಾಡ ಇದೆ. ಏಪ್ರಿಲ್ ಬಿಸಿಲಿಗೂ ಆ ಗೋಡೆ ತಣ್ಣಗಿರುತ್ತದೆ. ದೀಪ ದೇವರ ಮನೆಗೆ ಹೋಗಿ ಎಷ್ಟೋ ವರ್ಷವಾಗಿತ್ತು, ಎಣ್ಣೆಯ ಜಿಡ್ಡು ಮಾತ್ರ ಉಳಿದಿತ್ತು. ಡಬ್ಬಿ ಅಲ್ಲಿ ಹೊಲಿಸಿದಂತೆ ಕುಳಿತಿತು. ಬಯಾಸ್‌ನೊಳಗೆ ಹೊಕ್ಕು ಒಂದೇ ಒಂದು ಸಂಗತಿ ಬದಲಿಸಿದೆ: ಹೋದ ಕರೆಂಟು ಬಂದಾಗ ಯಾರೂ ಎಬ್ಬಿಸದೆ ತಾನೇ ಏಳಬೇಕು. ಇದೊಂದು ಮರೆತರೆ ಮನೆಯ ಸರ್ವರ್ ಸರ್ವರಲ್ಲ, ಮೊಮ್ಮಗ.

ಇನ್ನು ಒಳಗೆ ಏನು ಹಾಕುವುದು. ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ರಾಣೇಬೆನ್ನೂರಿನಲ್ಲಿ, ಬೀಜದ ಅಂಗಡಿಯಲ್ಲಿ. ರಾಣೇಬೆನ್ನೂರು ಎಂದರೆ ಹೊರಗಿನವರಿಗೆ ಕೃಷ್ಣಮೃಗ, ನಮ್ಮ ರೈತರಿಗೆ ಬೀಜ. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಅಂಗಡಿಯಿದೆ. ಲಿನಕ್ಸ್ ತಳಿಗಳ ಗೊಂದಲ ಹೇಳಿಕೊಂಡರೆ ಅವನು ನಗದೆ ಕೇಳಿದ. 1991ರಲ್ಲಿ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ ಬರೆದದ್ದು ತಿರುಳು ಮಾತ್ರ. ಅದನ್ನು ಬಳಸುವಂತೆ ಕಟ್ಟಿ ಕೊಡುವವರು ಬೇರೆ ಬೇರೆ. ಡೆಬಿಯನ್ 1993ರದು. ಅದರಿಂದ 2004ರಲ್ಲಿ ಉಬುಂಟು, ಉಬುಂಟುವಿನಿಂದ ಮಿಂಟ್. "ಹಂಗಾರ ಡೆಬಿಯನ್ ಮೂಲಬೀಜ ಅನ್ರಿ ಸರ್" ಎಂದ. ಹೌದಲ್ಲ. ಬೀಜದ ಚೀಲಕ್ಕೆ ಬಿಳಿ ಚೀಟಿ ಇದ್ದರೆ ಮೂಲಬೀಜ, ನೀಲಿ ಚೀಟಿ ಇದ್ದರೆ ಅದರಿಂದ ಬೆಳೆದ ಪ್ರಮಾಣಿತ ಬೀಜ. ಇನ್ನೂ ಒಂದು ಮಾತು ಅವನೇ ಸೇರಿಸಿದ: ಹೈಬ್ರಿಡ್ಡಾದರೆ ವರ್ಷಾ ವರ್ಷಾ ಕೊಳ್ಳಬೇಕು, ಜವಾರಿಯಾದರೆ ಹಿಡಿದಿಟ್ಟು ಬಿತ್ತಬಹುದು, ಮಗ್ಗುಲ ಹೊಲದವನಿಗೂ ಕೊಡಬಹುದು. ಮುಕ್ತ ತಂತ್ರಾಂಶದ ಲೈಸೆನ್ಸನ್ನು ಇದಕ್ಕಿಂತ ಚೆನ್ನಾಗಿ ವಿವರಿಸಿದ್ದನ್ನು ನಾನು ಓದಿಲ್ಲ. ಹಾಗೆಂದು ಬೀಜದ ಭರವಸೆ ಎಲ್ಲ ಕಡೆ ಉಳಿಯುವುದಿಲ್ಲ. ಸೆಂಟ್‌ಓಎಸ್ 8 ಎಂಬ ಲಿನಕ್ಸ್ ತಳಿಯನ್ನು 2029ರವರೆಗೆ ನಂಬಬಹುದು ಎಂದುಕೊಂಡವರಿಗೆ 2020ರ ಡಿಸೆಂಬರಿನಲ್ಲಿ ಸುದ್ದಿ ಬಂತು, 2021ರ ಕೊನೆಗೆ ಮುಗಿಯಿತು ಎಂದು. ಬಿತ್ತಿದ ಮೇಲೆ ಅಂಗಡಿ ಮುಚ್ಚಿದ ಹಾಗೆ. ಆ ಹೊಲಕ್ಕೆ ಆಮೇಲೆ ಆಲ್ಮಾ, ರಾಕಿ ಎಂಬ ಹೊಸ ತಳಿಗಳು ಬಂದವು.

ಅಳಿಯನ ಒಲವು ಆರ್ಚ್ ಎಂಬ ತಳಿಯ ಕಡೆಗೆ. ಅದರಲ್ಲಿ ಆವೃತ್ತಿ ಎಂಬುದೇ ಇಲ್ಲ. ಹೊಸದು ಬಂದ ಹಾಗೆ ಬರುತ್ತಲೇ ಇರುತ್ತದೆ. ಡೆಬಿಯನ್ ಸ್ಟೇಬಲ್ ಹಾಗಲ್ಲ. ಸುಮಾರು ಎರಡು ವರ್ಷಕ್ಕೊಮ್ಮೆ ಎಲ್ಲ ಸರಕನ್ನೂ ತಂದು, ಹೊಸದನ್ನು ಬಿಟ್ಟುಕೊಳ್ಳುವುದು ನಿಲ್ಲಿಸಿ, ತಿಂಗಳುಗಟ್ಟಲೆ ಕೊಳೆತದ್ದನ್ನು ಆರಿಸಿ ತೆಗೆದು, ಆಮೇಲೆ ಹೊರಗೆ ಬಿಡುತ್ತಾರೆ. ಆ ಹಂತಕ್ಕೆ ಅವರು ಇಟ್ಟ ಹೆಸರೇ ಫ್ರೀಜ್. ಇದನ್ನು ಬ್ಯಾಡಗಿಯ ಗೆಳೆಯನಿಗೆ ಹೇಳಿದಾಗ ಅವನಿಗೆ ಲಿನಕ್ಸ್ ಮೊದಲ ಬಾರಿಗೆ ತಿಳಿಯಿತು. "ಕೋಲ್ಡ್ ಸ್ಟೋರೇಜ್!" ಎಂದ. ಹೊಲದಿಂದ ಬಂದ ಹಸಿ ಕಾಯಿ ನೋಡಲು ಮಿರಿಮಿರಿ, ಆದರೆ ತೇವಕ್ಕೆ ಬೂಸ್ಟು ಹಿಡಿಯುವುದು ಅದಕ್ಕೇ. ಒಣಗಿಸಿ, ಆರಿಸಿ, ತಂಪಿನಲ್ಲಿಟ್ಟ ಕಾಯಿ ಮುಂದಿನ ಹಂಗಾಮಿನವರೆಗೂ ಬಣ್ಣ ಬಿಡುವುದಿಲ್ಲ. ಆರ್ಚ್ ಹಾಕಿಕೊಂಡು ಸುಖವಾಗಿರುವವರು ಇದ್ದಾರೆ, ಅವರು ದಿನಾ ಕಣಕ್ಕೆ ಹೋಗಿ ಕಾಯಿ ತಿರುವಿ ಹಾಕುವವರು. ನಾನು ವಾರಕ್ಕೊಮ್ಮೆ ನೋಡುವವನು. ಅಲ್ಲದೆ ಡೆಬಿಯನ್ನಿನವರು ತಮ್ಮ ಆವೃತ್ತಿಗಳಿಗೆ 'ಟಾಯ್ ಸ್ಟೋರಿ' ಸಿನಿಮಾದ ಆಟಿಕೆಗಳ ಹೆಸರಿಡುತ್ತಾರೆ. 12ನೆಯದು ಬುಕ್‌ವರ್ಮ್, 2025ರ ಆಗಸ್ಟಿನಲ್ಲಿ ಬಂದ 13ನೆಯದು ಟ್ರಿಕ್ಸಿ. ಯಾವಾಗಲೂ ಅಸ್ಥಿರವಾಗಿಯೇ ಇರುವ ಶಾಖೆಗೆ ಸಿಡ್ ಎಂದು ಹೆಸರು, ಸಿನಿಮಾದಲ್ಲಿ ಆಟಿಕೆ ಮುರಿಯುವ ಹುಡುಗ. ಇಂಥ ಕೀಟಲೆ ಬುದ್ಧಿಯವರು ಕೆಲಸದಲ್ಲಿ ಗಂಭೀರವಾಗಿರುತ್ತಾರೆ ಎಂಬುದು ನನ್ನ ಶಾಲೆಯ ಅನುಭವ. ಅದರ ಉಗ್ರಾಣದಲ್ಲಿ ಕನ್ನಡದ ಅಕ್ಷರ ಶೈಲಿಗಳಿವೆ. ಒಂದರ ಹೆಸರು ಗುಬ್ಬಿ, ಇನ್ನೊಂದರದು ನವಿಲು. ಸರ್ವರಿಗೆ ಅವುಗಳ ಅಗತ್ಯವೇ ಇಲ್ಲ, ಅಕ್ಷರ ಬೇಕಾದದ್ದು ಓದುವವರ ಯಂತ್ರದಲ್ಲಿ. ಆದರೂ ಎರಡನ್ನೂ ಹಾಕಿಕೊಂಡೆ. ಮನೆಯ ಮಾಡದಲ್ಲಿ ಗುಬ್ಬಿ ಇದ್ದರೆ ಇರಲಿ.

ಕಡ್ಡಿಗೆ ಡೆಬಿಯನ್ ಇಳಿಸಿದ ಮೇಲೆ ಅದು ಅಸಲಿಯೋ ಅಲ್ಲವೋ ಎಂದು ನೋಡಲು 64 ಅಂಕಿ ಅಕ್ಷರಗಳ ಒಂದು ಸಾಲು ಕೊಡುತ್ತಾರೆ. ನಮ್ಮ ಯಂತ್ರ ಲೆಕ್ಕ ಹಾಕಿ ತೆಗೆದ ಸಾಲು ಅದಕ್ಕೆ ಹೊಂದಬೇಕು. ಬೀಜದ ಚೀಟಿಯ ಲಾಟ್ ನಂಬರಿನಂತೆ ಬೆರಳಿಟ್ಟು ಓದಿದೆ. ಸರ್ವರಿನ ಕೆಲಸಕ್ಕೆ ಎಂಜಿನ್‌ಎಕ್ಸ್. ಹಗುರ, ಅಷ್ಟು ಸಾಕು. ಮೊದಲ ಪುಟ ತೆರೆದರೆ ಅಪ್ಪನ ಕನ್ನಡದ ಜಾಗದಲ್ಲಿ ಓರೆಗೀಟಿನ ಟೊಪ್ಪಿಗೆ ಹಾಕಿಕೊಂಡ ಇಂಗ್ಲಿಷ್ 'ಎ' ಅಕ್ಷರಗಳ ಮೆರವಣಿಗೆ, ಒಂದೊಂದರ ಹೆಗಲ ಮೇಲೂ ಪುಟ್ಟ 2 ಅಥವಾ 3. ಮೂರು ಬೈಟಿನ ಕನ್ನಡವನ್ನು ಬ್ರೌಸರು ಒಂದೊಂದೇ ಬೈಟಾಗಿ ಬಿಡಿಸಿ ಓದಿತ್ತು. ಇದು ಯುಟಿಎಫ್-8 ಎಂದು ಸಂರಚನೆಯಲ್ಲಿ ಒಂದು ಸಾಲು ಬರೆದ ಕೂಡಲೇ ಟೊಪ್ಪಿಗೆಗಳು ಹಾರಿ ಬ್ಯಾಡಗಿ ಕಾಣಿಸಿತು.

ಅಲ್ಲಿಂದ ಮುಂದೆ ನಾನು ಕಲಿತದ್ದು ಕಾರ್ಣಿಕ ಬಿಡಿಸುವ ವಿದ್ಯೆ. ಬ್ಯಾಡಗಿಗೂ ರಾಣೇಬೆನ್ನೂರಿಗೂ ನಡುವೆ ದೇವರಗುಡ್ಡ ಎಂಬ ಸ್ಟೇಷನ್ನಿದೆ. ನವರಾತ್ರಿಯಲ್ಲಿ ಅಲ್ಲಿ ಗೊರವಯ್ಯ ಬಿಲ್ಲನ್ನೇರಿ "ಸದ್ದಲೇ" ಎನ್ನುತ್ತಾನೆ, ಸಾವಿರಾರು ಜನ ಉಸಿರು ಹಿಡಿಯುತ್ತಾರೆ, ಒಂದೇ ಸಾಲು ನುಡಿದು ಕೆಳಗೆ ಬೀಳುತ್ತಾನೆ. ಮಳೆಯವರು ಅದರಲ್ಲಿ ಮಳೆ ಕಾಣುತ್ತಾರೆ, ರಾಜಕಾರಣದವರು ಕುರ್ಚಿ ಕಾಣುತ್ತಾರೆ. ಲಿನಕ್ಸಿನ ಲಾಗ್ ಕೂಡ ಒಂದೇ ಸಾಲು ನುಡಿಯುತ್ತದೆ. "ಕನೆಕ್ಷನ್ ರಿಫ್ಯೂಸ್ಡ್" ಎಂದರೆ ಎಂಜಿನ್‌ಎಕ್ಸ್ ಸತ್ತಿದೆಯೋ, ಪೋರ್ಟು ಮುಚ್ಚಿದೆಯೋ, ಮಾಸ್ತರ ಸೆಮಿಕೋಲನ್ ಮರೆತಿದ್ದಾನೋ? ಪ್ರತಿ ಸಲವೂ ಸೆಮಿಕೋಲನ್ನೇ.

ಮನೆಯೊಳಗೆ ಪುಟ ಕಾಣುತ್ತಿತ್ತು, ಹೊರಗೆ ಕಾಣುತ್ತಿರಲಿಲ್ಲ. ಎರಡು ವಾರ ನನ್ನ ತಪ್ಪೆಂದೇ ತಿಳಿದೆ. ಮೋಡೆಮ್ಮಿನ ವಿಳಾಸ 100ರಿಂದ ಶುರುವಾಗುವುದನ್ನು ಅಳಿಯ ನೋಡಿ ಹೇಳಿದ ಮೇಲೆ ತಿಳಿಯಿತು. ಹಳೆಯ ಪದ್ಧತಿಯಲ್ಲಿ ಇಡೀ ಜಗತ್ತಿಗೆ ಇರುವ ಇಂಟರ್ನೆಟ್ ವಿಳಾಸ ಸುಮಾರು 429 ಕೋಟಿ. ಅವು ಸಾಲದೆ ಒಂದೇ ವಿಳಾಸದ ಹಿಂದೆ ನೂರಾರು ಮನೆಗಳನ್ನು ಕೂರಿಸುತ್ತಾರೆ. ಹಳ್ಳಿಯವರಿಗೆಲ್ಲ ಕಾಗದ ಕಿರಾಣಿ ಅಂಗಡಿಯ ವಿಳಾಸಕ್ಕೆ ಬರುತ್ತಿದ್ದ ಹಾಗೆ. ನಾವು ಬರೆದ ಕಾಗದಕ್ಕೆ ಉತ್ತರ ಬರುತ್ತದೆ, ತಾನಾಗಿ ಬಂದ ಅತಿಥಿಗೆ ಮಾತ್ರ ಯಾವ ಮನೆ ಎಂದು ಯಾರೂ ತೋರಿಸುವುದಿಲ್ಲ. ತಿಂಗಳಿಗಿಷ್ಟು ಹೆಚ್ಚು ಕೊಟ್ಟು ಸ್ವಂತ ವಿಳಾಸ ತೆಗೆದುಕೊಂಡೆ. ಗೃಹಜ್ಯೋತಿಯಲ್ಲಿ ಉಳಿಸಿದ್ದು ಅಲ್ಲಿ ಹೋಯಿತು.

ವಿಳಾಸ ಸಿಕ್ಕ ದಿನವೇ ಅತಿಥಿಗಳು ಬಂದರು, ಪುಸ್ತಕ ಓದಲು ಅಲ್ಲ. ಲಾಗ್ ತೆರೆದರೆ ಯಾವಾವುದೋ ಖಂಡದಿಂದ ಕದ ಬಡಿಯುವವರು: ರೂಟ್ ಇದ್ದಾರೆಯೇ, ಅಡ್ಮಿನ್ ಇದ್ದಾರೆಯೇ, ಟೆಸ್ಟ್ ಇದ್ದಾರೆಯೇ. ಮನುಷ್ಯರಲ್ಲ, ಊರೂರು ಅಲೆದು ಕದ ನೂಕಿ ನೋಡುವ ಯಂತ್ರಗಳು. ಪಾಸ್‌ವರ್ಡಿನ ಬಾಗಿಲನ್ನೇ ತೆಗೆದು ಕೀಲಿಕೈ ಇದ್ದವರಿಗಷ್ಟೇ ಪ್ರವೇಶ ಎಂದು ಮಾಡಿದೆ. "ರಾತ್ರಿಯೆಲ್ಲಾ ಯಾರೋ ಬಾಗಲಾ ಬಡಿಯಾಕತ್ತಾರಬೇ" ಎಂದು ಅವ್ವನಿಗೆ ಹೇಳಿದೆ. "ತೆಗದು ಬೆಲ್ಲಾ ನೀರು ಕೊಡಬಾರ್ದ?" ಎಂದಳು.

ಒಂದು ಸೋಮವಾರ ನಸುಕಿನಲ್ಲೇ ಬ್ಯಾಡಗಿಯಿಂದ ಫೋನು. ಲಾಗ್‌ನಲ್ಲಿ ಆ ರಾತ್ರಿ ಎರಡು ಗಂಟೆಯವರೆಗೂ ಒಂದೇ ವಿಳಾಸದಿಂದ ಪುಟದ ಮೇಲೆ ಪುಟ ತೆರೆದದ್ದು ಕಂಡಿತ್ತು. ಯಾವುದೋ ಯಂತ್ರ ಎಂದುಕೊಂಡಿದ್ದೆ. "ನಿಮ್ಮಪ್ಪಂದು 1987ರ ಪುಸ್ತಕ ನೋಡಿದ್ನಿ" ಎಂದ ಗೆಳೆಯ. "ಫೆಬ್ರುವರಿ ಪುಟದಾಗ ಡಬ್ಬಿ ಅಂತ ಹಾಕೀಯಲ್ಲ, ಆ ರೇಟಿಗೆ ಡಬ್ಬಿ ಹೋಗಾಕ ಶಕ್ಯ ಇಲ್ಲ. ಅದು ಕಡ್ಡಿ. ನಿಮ್ಮಪ್ಪ ತಪ್ಪ ಬರಿಯೋ ಮನಷ್ಯಾ ಅಲ್ಲ." ಟ್ರಂಕು ತೆಗೆದೆ. ಅಪ್ಪನ ಗುಂಡಗಿನ ಅಕ್ಷರದಲ್ಲಿ, ಒತ್ತು ಸ್ವಲ್ಪವೂ ಅಳಿಸಿರದ ಹಾಗೆ, ಕಡ್ಡಿ ಎಂದೇ ಇತ್ತು. ಡಬ್ಬಿ ಕಡ್ಡಿ ನನ್ನ ಬಾಯಲ್ಲಿ ಬೇರೆ ಅರ್ಥದಲ್ಲಿ ಓಡಾಡಿದ ಆ ತಿಂಗಳು ಬೆರಳಚ್ಚು ಮಾಡಿದ ಪುಟಗಳನ್ನೆಲ್ಲ ಒಂದೊಂದಾಗಿ ತಾಳೆ ನೋಡಿದೆ. ಒಟ್ಟು ಹನ್ನೊಂದು ಕಡೆ ಡಬ್ಬಿ ತೆಗೆದು ಕಡ್ಡಿ ಇಟ್ಟೆ. ಅವ್ವ ಮಿಕ್ಸರಿನ ವಯರು ಹಿಡಿದು ಮಾಡದ ಹತ್ತಿರ ನಿಂತಿದ್ದಳು. "ಅದರ ಕೆಲಸ ಮುಗೀತೇನು?" ಎಂದಳು.